ಅಸಲು ಹ್ಯಾಂಡಲ್ಲು

ನಕಲು ಎಂದರೆ ನನಗೆ ಆಗಿಬರುವುದಿಲ್ಲ. ಹೀಗೆ ಹೇಳುವ ನಾನು ಮೂವತ್ತು ವರ್ಷ ಹೊಟ್ಟೆ ಹೊರೆದದ್ದು ನಕಲು ಮಾಡಿಯೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಳೆ ಬೇರೆ ಯಾರಾದರೂ ಬಂದು ನಿಮ್ಮ ಕಿವಿಯಲ್ಲಿ ಊದುವುದು ಬೇಡ. ವಿಜಯಪುರದ ಕೋರ್ಟಿನಲ್ಲಿ ನಾನು ನಕಲು ವಿಭಾಗದ ಗುಮಾಸ್ತ. ಆಗ ಊರನ್ನು ಎಲ್ಲರೂ ಬಿಜಾಪುರವೆನ್ನುತ್ತಿದ್ದರು. ಅಸಲು ಕಾಗದವನ್ನು ಎಡಗಡೆ, ನಕಲನ್ನು ಬಲಗಡೆ ಇಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಕೆಳಗೆ 'ಅಸಲಿನಂತೆ ನಕಲು' ಎಂದು ಠಸ್ಸೆ ಒತ್ತುವುದು ನನ್ನ ಕೆಲಸ. ಈ ಚಾಳಿ ಕೋರ್ಟಿನ ಬಾಗಿಲಲ್ಲೇ ಉಳಿಯುವಂಥದ್ದಲ್ಲ, ಮನೆಗೂ ಬಂತು. ಮದುವೆಯಾದ ಹೊಸತರಲ್ಲಿ ಹೆಂಡತಿ ಮಾಡಿದ ಎಣ್ಣೆಗಾಯಿಯನ್ನು ಅವ್ವನ ಎಣ್ಣೆಗಾಯಿಯ ಜೊತೆ ತಾಳೆ ನೋಡಿ, ಆದ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿ, ಎರಡು ದಿನ ಬರೀ ಚುರಮುರಿಯ ಮೇಲೆ ಕಾಲ ಕಳೆದದ್ದುಂಟು.

ತಪ್ಪು ಪೂರ್ತಿ ನನ್ನದಲ್ಲ. ಒಮ್ಮೆ ಕೂಗಿದರೆ ಏಳು ಸಲ ಮರುಕೂಗುವ ಗುಮ್ಮಟ ಇರುವ ಊರು ನಮ್ಮದು. ಒಂದು ಅಸಲಿಗೆ ಏಳು ನಕಲು! ಇಂಥ ಊರಿನಲ್ಲಿ ಹುಟ್ಟಿದವನಿಗೆ ಅಸಲಿನ ಹುಚ್ಚು ಹಿಡಿದರೆ ಆಶ್ಚರ್ಯವೇನು? ಆದರೆ ಆ ಹುಚ್ಚು ಕೊನೆಗೆ ನನ್ನನ್ನು ತಂದು ನಿಲ್ಲಿಸಿದ್ದು ನಮ್ಮ ಅಜ್ಜನ ಫೋನೋದ ಮುಂದೆ. ಅಲ್ಲಿಂದ ಇಲ್ಲಿಯವರೆಗೆ ಅಸಲು ಯಾವುದು, ನಕಲು ಯಾವುದು ಎಂಬ ವಿಷಯದಲ್ಲಿ ನನ್ನ ತಲೆ ಮೊಸರು ಕಡೆದ ಗಡಿಗೆಯಾಗಿದೆ.

ಫೋನೋ ಎಂದರೆ ಕೀಲಿ ಕೊಟ್ಟು ತಿರುಗಿಸುವ ಹಳೆಯ ಗ್ರಾಮಫೋನು. ಅವ್ವನ ಅಪ್ಪ, ಅಂದರೆ ತಿಕೋಟಾದ ನಮ್ಮ ಅಜ್ಜ, ಸೊಲ್ಲಾಪುರಕ್ಕೆ ಎತ್ತು ತರಲು ಹೋದವನು ಎತ್ತಿನ ಜೊತೆ ಇದನ್ನೂ ಹೊಡೆದುಕೊಂಡು ಬಂದಿದ್ದನಂತೆ. ತೇಗದ ಪೆಟ್ಟಿಗೆ, ಅದರ ಮೇಲೆ ಹಾಡಿನ ಪ್ಲೇಟು ತಿರುಗುವ ತಟ್ಟೆ, ತಲೆಯ ಮೇಲೆ ಹಾಡು ಹೊರಬರುವ ದೊಡ್ಡ ಹಿತ್ತಾಳೆಯ ಭೋಂಗಾ, ಪಕ್ಕದ ತೂತಿನಲ್ಲಿ ಸಿಕ್ಕಿಸಿ ತಿರುವಲು ಒಂದು ಹ್ಯಾಂಡಲ್ಲು. ಅಜ್ಜ ತೀರಿಕೊಂಡ ಮೇಲೆ ಅವ್ವನ ಅಣ್ಣ ಗುರಪಾದಪ್ಪ, ತಮ್ಮ ಶಿವಪ್ಪ ಬೇರೆಯಾದರು. ನಮ್ಮ ಕಡೆ ಇದಕ್ಕೆ ವಾಟಣಿ ಎನ್ನುತ್ತಾರೆ. ಊರ ಹಿರಿಯರು ನಾಲ್ಕು ಮಂದಿ ಪಂಚರಾಗಿ ಕೂತು, ಹೊಲದಿಂದ ಹಿಡಿದು ಒನಕೆಯವರೆಗೆ ಎಲ್ಲವನ್ನೂ ಎರಡು ಪಾಲು ಮಾಡಿದರು. ನ್ಯಾಯವೆಂದರೆ ನ್ಯಾಯ! ಎತ್ತು ಎರಡಿದ್ದವು, ಒಂದೊಂದು ಹೋಯಿತು. ಹಂಡೆ ಎರಡಿದ್ದವು, ಒಂದೊಂದು ಹೋಯಿತು. ಫೋನೋ ಒಂದೇ ಇತ್ತು. ಪಂಚರು ಗಡ್ಡ ಕೆರೆದುಕೊಂಡು ನೋಡಿದರು. ಪೆಟ್ಟಿಗೆ ಒಂದು, ಭೋಂಗಾ ಒಂದು; ವಸ್ತು ಎರಡು, ಮಕ್ಕಳಿಬ್ಬರು. ಪೆಟ್ಟಿಗೆ ದೊಡ್ಡವನಿಗೆ, ಭೋಂಗಾ ಮತ್ತು ಉಳಿದಿದ್ದ ಒಂದೇ ಒಂದು ಭಜನೆಯ ಪ್ಲೇಟು ಸಣ್ಣವನಿಗೆ ಎಂದು ಬರೆದು, ಚಹಾ ಕುಡಿದು ಎದ್ದರು. ಹಾಡು ಯಾರ ಪಾಲಿಗೆ ಬಂತು ಎಂದು ಯಾರೂ ಕೇಳಲಿಲ್ಲ.

ಸಣ್ಣ ಮಾವ ತನ್ನ ಪಾಲು ತೆಗೆದುಕೊಂಡು ಬಬಲೇಶ್ವರದ ಹೊಲಮನೆಗೆ ಹೋದ. ಎಂಟು ದಿನ ಕಳೆದ ಮೇಲೆ ದೊಡ್ಡ ಮಾವ ನೋಡುತ್ತಾನೆ, ಪೆಟ್ಟಿಗೆಯ ಪಕ್ಕದ ತೂತು ಖಾಲಿ! ಹ್ಯಾಂಡಲ್ಲು ಇಲ್ಲ. ತಮ್ಮ ಕದ್ದ ಎಂದ. ತಮ್ಮನಿಗೆ ಸುದ್ದಿ ಮುಟ್ಟಿತು. ಅಣ್ಣನೇ ಮುಚ್ಚಿಟ್ಟುಕೊಂಡು ನನ್ನ ಮೇಲೆ ಹಾಕುತ್ತಿದ್ದಾನೆ ಎಂದ. ಭೋಂಗಾ ಇಲ್ಲದವನಿಗೆ ಹ್ಯಾಂಡಲ್ಲೇಕೆ, ಪೆಟ್ಟಿಗೆ ಇಲ್ಲದವನಿಗೆ ಹ್ಯಾಂಡಲ್ಲೇಕೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಸಿಟ್ಟು ಬಂದಾಗ ಮನುಷ್ಯನಿಗೆ ತಾಳೆ ನೋಡುವ ಬುದ್ಧಿ ಇರುವುದಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

ಇದರ ಏಟು ಬಿದ್ದದ್ದು ಅವ್ವನಿಗೆ. ನಾಗರಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಬೇಕು. ಕರೆಯದೆ ಹೋಗುವಂತಿಲ್ಲ. ದೊಡ್ಡ ಮಾವ, 'ಹಡೆದವ್ವ ಸಣ್ಣವನ ಮನೆಯಲ್ಲಿದ್ದಾಳೆ, ತಾಯಿ ಇದ್ದಲ್ಲೇ ತವರು, ಅವನು ಕರೆಯಲಿ' ಎಂದ. ಸಣ್ಣ ಮಾವ, 'ದೊಡ್ಡಮನೆ ಅವನ ಕೈಯಲ್ಲಿದೆ, ಹುಟ್ಟಿದ ಮನೆಯೇ ತವರು, ಅವನು ಕರೆಯಲಿ' ಎಂದ. ಅಜ್ಜಿ ತೀರಿಕೊಂಡಾಗ ಅವ್ವ ಹೋಗಿ ಅತ್ತು ಬಂದದ್ದೇ ಕೊನೆ. ಹದಿನೆಂಟು ಪಂಚಮಿ ಹೀಗೆ ಹೋದವು. ಅವ್ವ ಪ್ರತಿವರ್ಷ ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಶೇಂಗಾದ ಉಂಡಿ ಕಟ್ಟುತ್ತ, ಓಣಿಯ ಕಡೆ ಒಂದು ಕಿವಿ ಇಟ್ಟಿರುತ್ತಿದ್ದಳು. "ಈ ವರ್ಷ ಮಳಿ ಜೋರೈತಿ, ಅದಕ್ಕ ಬಂದಿಲ್ಲ," ಎನ್ನುತ್ತಿದ್ದಳು. ಮರುವರ್ಷ, "ಈ ಸಲ ಮಳಿನ ಇಲ್ಲ, ಅದಕ್ಕ ಬಂದಿಲ್ಲ." ಮಳೆ ಬಂದರೂ ಬಾರದ, ಬರದಿದ್ದರೂ ಬಾರದ ಅಣ್ಣತಮ್ಮಂದಿರ ಮೇಲೆ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು.

ಎಪ್ಪತ್ತರ ದಶಕದ ನಡುವೆ ಒಮ್ಮೆ ಕೋರ್ಟಿನ ಕೆಲಸಕ್ಕೆ ತಿಕೋಟಾಕ್ಕೆ ಹೋದಾಗ ದೊಡ್ಡ ಮಾವನ ಮನೆಯ ದೇವರ ಜಗಲಿಯ ಮೇಲೆ, ಮೂರ್ತಿಗಳ ಪಕ್ಕ ಆ ಪೆಟ್ಟಿಗೆ ಕಂಡಿತು. ಮೈತುಂಬ ಭಂಡಾರ, ಕುಂಕುಮ. ನನ್ನೊಳಗಿನ ನಕಲು ಗುಮಾಸ್ತ ಎದ್ದು ಕೂತ. ಇದನ್ನು ಮೊದಲಿದ್ದ ಹಾಗೇ ಮಾಡಬೇಕು, ಒಂದು ಸ್ಕ್ರೂ ಸಹಿತ ಹೊಸದು ಹಾಕಬಾರದು, ಎಲ್ಲ ಅಸಲು ಭಾಗಗಳೇ ಕೂಡಬೇಕು ಎಂದು ಪಣ ತೊಟ್ಟೆ. ಅವ್ವನಿಗೆ ಅವಳ ಅಪ್ಪನ ಹಾಡು ಕೇಳಿಸಬೇಕೆಂಬ ಆಸೆಯೂ ಇತ್ತು. ಆದರೆ ಸತ್ಯ ಹೇಳುತ್ತೇನೆ, ಆಗ ಅದು ಎರಡನೆಯದಾಗಿತ್ತು.

ದೊಡ್ಡ ಮಾವ ಮೀಸೆ ತಿರುವಿ ಒಂದು ಕರಾರು ಹಾಕಿದ. "ಒಯ್ಯಿ. ಆದ್ರ ಜೋಡಿಸಿದ ಮ್ಯಾಲೆ ಮೊದಲ ನನ್ನ ಮುಂದ ಹಚ್ಚಬೇಕು. ಆ ಬಬಲೇಶ್ವರದಾಂವನ ಮುಂದ ಅಲ್ಲ. ಹ್ಯಾಂಡಲ್ ಅಂತೂ ಅವನ ಹಂತ್ಯಾಕ ಐತಿ, ಕಸಗೊಂಡು ಬಾ."

ಮುಂದಿನ ರವಿವಾರ ಬಬಲೇಶ್ವರಕ್ಕೆ ಹೋದೆ. ಭೋಂಗಾ ಬಾವಿಯ ಹತ್ತಿರ ಸಿಕ್ಕಿತು. ಸಣ್ಣ ಮಾವ ಹೊಸದಾಗಿ ಡೀಸೆಲ್ ಇಂಜಿನ್ನು ಕೂರಿಸಿದ್ದ. ಅದಕ್ಕೆ ಎಣ್ಣೆ ಸುರಿಯಲು ಭೋಂಗಾ ಲಾಳಿಕೆಯಾಗಿತ್ತು. ಅಜ್ಜನ ಭಜನೆ ಹೊರಬಂದ ಬಾಯಲ್ಲಿ ಡೀಸೆಲ್ ಗೊಳಗೊಳ ಇಳಿಯುವುದನ್ನು ನೋಡಿ ನನಗೆ ಅಳು ಬಂದಂತಾಯಿತು. "ಯಾಕೋ ಬಸೂ, ಹೊಗಿ ಹತ್ತೇನು ಕಣ್ಣಿಗೆ?" ಎಂದ ಮಾವ. ಭೋಂಗಾ ಕೊಟ್ಟ, ಪ್ಲೇಟೂ ಕೊಟ್ಟ. "ಜೋಡಿಸಿದ ಮ್ಯಾಲೆ ಮೊದಲ ನನ್ನ ಮುಂದ ಹಚ್ಚಬೇಕು. ಆ ತಿಕೋಟಾದಾಂವನ ಮುಂದ ಅಲ್ಲ. ಹ್ಯಾಂಡಲ್ ಅವನ ಅಟ್ಟದ ಮ್ಯಾಲೆ ಹುಡುಕು, ಸಿಗತೈತಿ." ಅಕ್ಷರಕ್ಕೆ ಅಕ್ಷರ ತಾಳೆಯಾಯಿತು. ಇಂಥ ನಿರ್ದೋಷ ನಕಲನ್ನು ನಾನು ಕೋರ್ಟಿನಲ್ಲೂ ಕಂಡಿರಲಿಲ್ಲ.

ರಿಪೇರಿಗೆ ನಮ್ಮ ಪೇಟೆಯ ಗಡಿಯಾರದ ರಸೂಲಸಾಬರಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪೆಟ್ಟಿಗೆಯ ಹೊಟ್ಟೆ ಬಿಚ್ಚಿದರು. ಒಳಗೆ ಗಾಲಿ, ಸುರುಳಿ ಕಮಾನು ಎಲ್ಲ ಕಂದು ಬಣ್ಣದ ಅಂಟಿನಲ್ಲಿ ಮುಳುಗಿದ್ದವು. ಏನೆಂದರೆ, ದೊಡ್ಡ ಮಾವನ ಮನೆಯಲ್ಲಿ ಪ್ರತಿ ಮಾರ್ನೋಮಿಗೆ ಆಯುಧಪೂಜೆಯ ದಿನ ಕುಡಗೋಲು ಕೊಡಲಿಗಳ ಜೊತೆ ಈ ಯಂತ್ರಕ್ಕೂ ಭಕ್ತಿಯಿಂದ ಒಂದು ಬಟ್ಟಲು ಕುಸುಬಿ ಎಣ್ಣೆ ಹೊಯ್ಯುತ್ತಿದ್ದರಂತೆ. ಕುಸುಬಿ ಎಣ್ಣೆ ರೊಟ್ಟಿಗೆ ಅಮೃತ. ಗಾಳಿಗೆ ಬಿಟ್ಟರೆ ಒಣಗಿ ಅರಗಾಗುತ್ತದೆ. ಹದಿನೆಂಟು ವರ್ಷದ ಭಕ್ತಿಯನ್ನು ರಸೂಲಸಾಬರು ಎಂಟು ದಿನ ಗ್ಯಾಸ್ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ನೆನೆಹಾಕಿ ಕೆರೆದು ತೆಗೆದರು.

ನಾನು ದಿನಾ ಸಂಜೆ ಅಂಗಡಿಗೆ ಹೋಗಿ ತಾಳೆ ನೋಡುತ್ತಿದ್ದೆ. ಸೂಜಿಯ ನಡುಕವನ್ನು ದನಿಯಾಗಿಸುವ ಅಭ್ರಕದ ಬಿಲ್ಲೆಯ ಸುತ್ತಲಿನ ರಬ್ಬರು ಕಲ್ಲಾಗಿತ್ತು. ಸೈಕಲ್ ಟ್ಯೂಬು ಕತ್ತರಿಸಿ ಹಾಕುತ್ತೇನೆಂದರು. ಅಸಲಲ್ಲ, ಬೇಡ ಎಂದೆ. ಕನಮಡಿಯಲ್ಲಿ ಯಾರ ಹತ್ತಿರವೋ ಹಳೆಯ ಯಂತ್ರವಿದೆ ಎಂದು ಕೇಳಿ ಓಡಿದೆ. ಅದು ಹೊಲಿಗೆ ಯಂತ್ರವಾಗಿತ್ತು. ಒಂದು ತಿಂಗಳ ಮೇಲೆ ರಸೂಲಸಾಬರು ಭೂತಗನ್ನಡಿ ತೆಗೆದಿಟ್ಟು ಕೇಳಿದರು: "ಸಾಹೇಬ್ರ, ಒಂದು ಮಾತ ಹೇಳ್ರಿ. ನಿಮಗ ಹಾಡ ಬೇಕೋ, ಅಸಲ ಬೇಕೋ? ಎರಡೂ ಕೂಡಿ ಬರೂದಿಲ್ರಿ." ನಾಳೆ ಹೇಳುತ್ತೇನೆಂದು ಮನೆಗೆ ಬಂದೆ. ಮರುದಿನ ಹೋಗಿ, ಟ್ಯೂಬು ಹಾಕಿರಿ, ಆದರೆ ಹ್ಯಾಂಡಲ್ಲು ಮಾತ್ರ ಅಸಲೇ ಬೇಕು ಎಂದು ಹಟ ಹಿಡಿದೆ. ಒಂದರಲ್ಲಿ ಸೋತವನು ಇನ್ನೊಂದರಲ್ಲಿ ಹೆಚ್ಚು ಜೋರು ಮಾಡುತ್ತಾನೆ.

ತಿಕೋಟಾದ ಅಟ್ಟ ಹತ್ತಿದೆ, ಬಬಲೇಶ್ವರದ ಕೊಟ್ಟಿಗೆ ಜಾಲಾಡಿದೆ. ಸಿಗಲಿಲ್ಲ. ಮನೆಗೆ ಬಂದು ಇಬ್ಬರು ಮಾವಂದಿರನ್ನೂ ಬಯ್ಯುತ್ತ, "ಇಬ್ಬರಾಗ ಒಬ್ಬ ಕಳ್ಳ ಅಂತೂ ಖರೇ," ಎಂದೆ. ಅಡುಗೆಮನೆಯಲ್ಲಿ ಬಡಿಯುತ್ತಿದ್ದ ರೊಟ್ಟಿಯ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಒಳಗೆ ಹೋಗಿ ತನ್ನ ಟ್ರಂಕು ತೆಗೆದಳು. ತಳದಲ್ಲಿದ್ದ ಒಂದು ಖಣದ ಗಂಟನ್ನು ತಂದು ನನ್ನ ಮುಂದೆ ಇಟ್ಟಳು. ಬಿಚ್ಚಿದೆ. ಹ್ಯಾಂಡಲ್ಲು!

"ಅವ್ವಾ, ಇದು ಹ್ಯಾಂಗ..."

"ಉಡಿಯಾಗ ಬಂತು," ಎಂದಳು.

ವಾಟಣಿಯ ದಿನ ಪಂಚಮಿಗೆಂದು ಅವ್ವ ಅಲ್ಲೇ ಇದ್ದಳು. ಪಂಚರು ಅವಳನ್ನು ಕರೆದು, ನನಗೇನೂ ಬೇಡ ಎಂದು ಬರೆಸಿಕೊಂಡರು. ಹೊರಡುವಾಗ ಪದ್ಧತಿಯಂತೆ ಅತ್ತಿಗೆ ಉಡಿ ತುಂಬಿದಳು. ಸೆರಗಿನ ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಒಂದು ಖಣ.

"ಎಲ್ಲಾ ಎಣಿಸಿದ್ರು ತಮ್ಮಾ. ಮುರಕ ಕುಡಗೋಲ ಸೈತ ಬಿಡಲಿಲ್ಲ. ಇದು ಕಿಟಕ್ಯಾಗ ಬಿದ್ದಿತ್ತು, ಯಾರೂ ಎಣಿಸಲಿಲ್ಲ. ನನ್ನೂ ಎಣಿಸಲಿಲ್ಲ. ಅಪ್ಪ ಇದ್ದಾಗ ಅದಕ್ಕ ಕೀಲಿ ಕೊಡಾಕಿ ನಾನು, ಅವರಿಬ್ಬರೂ ಬರೇ ಕುಂತು ಕೇಳವ್ರು. ತಗದು ಉಡಿಯಾಗ ಹಾಕ್ಕೊಂಡೆ." ಕಣ್ಣು ಒರೆಸಿಕೊಂಡಳು, ಹಿಟ್ಟು ಮುಖಕ್ಕೆ ಹತ್ತಿತು. "ಇದಕ್ಕ ಅವರು ಮಾತ ಬಿಟ್ರು. ಇದಕ್ಕ ನನಗ ತವರು ಹೋತು. ಹೊಳ್ಳಿ ಕೊಡಬೇಕಂತ ಎಷ್ಟ ಸಲ ತಗದೀನಿ. ಯಾರಿಗೆ ಕೊಡ್ಲಿ? ಒಬ್ಬಗ ಕೊಟ್ರ ಇನ್ನೊಬ್ಬ ಬಿಟ್ಟಾನ?"

ನಾನು ಕೋರ್ಟಿನ ಮನುಷ್ಯ. ಇದು ಕಳವೋ, ಪಾಲೋ, ಕಾಣಿಕೆಯೋ ಎಂದು ಮನಸ್ಸಿನಲ್ಲೇ ಕಾನೂನಿನ ಎಲ್ಲ ಕಲಮುಗಳನ್ನೂ ತಿರುವಿದೆ. ಒಂದೂ ಹೊಂದಲಿಲ್ಲ. ಅದಕ್ಕಿಂತ ದೊಡ್ಡ ಗೊಂದಲ ಮುಂದಿತ್ತು. ಈ ಅಸಲು ಹ್ಯಾಂಡಲ್ಲು ಹಾಕಿದರೆ ಯಂತ್ರ ಪೂರ್ತಿಯಾಗುತ್ತದೆ, ಅವ್ವ ಅಣ್ಣತಮ್ಮಂದಿರ ಕಣ್ಣಲ್ಲಿ ಕಳ್ಳಿಯಾಗುತ್ತಾಳೆ. ಇದ್ದಬದ್ದ ತವರೂ ಹೋಗುತ್ತದೆ. ನಕಲು ಹಾಕಿದರೆ ಅವ್ವ ಉಳಿಯುತ್ತಾಳೆ, ಅಸಲು ಹೋಗುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟೆ. ಮೂರನೆಯ ದಿನ ರಸೂಲಸಾಬರ ಅಂಗಡಿಗೆ ಹೋಗಿ, ಯಾರಿಗೂ ಕೇಳಿಸದ ಹಾಗೆ, "ಒಂದು ನಕಲಿ ಹ್ಯಾಂಡಲ್ ಮಾಡ್ರಿ," ಎಂದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಇದೆಯೇನೋ ಎಂದು.

ಕಬ್ಬಿಣದ ಸಲಾಕೆ ಬಗ್ಗಿಸಿ, ಜಾಲಿಕಟ್ಟಿಗೆಯ ಹಿಡಿಕೆ ಕೂರಿಸಿ ಅವರು ಮಾಡಿಕೊಟ್ಟ ಹ್ಯಾಂಡಲ್ಲು ಅಸಲಿಗಿಂತ ಚೆಂದವಾಗಿತ್ತು. ಇಬ್ಬರು ಮಾವಂದಿರಿಗೂ ಒಂದೇ ಒಕ್ಕಣೆಯ ಎರಡು ಕಾರ್ಡು ಬರೆದೆ. 'ತಮ್ಮ ಮುಂದೆಯೇ ಹಚ್ಚುವುದಿದೆ, ರವಿವಾರ ಬರಬೇಕು.' ಒಂದರಲ್ಲಿ ಇನ್ನೊಂದರ ಮಾತೆತ್ತಲಿಲ್ಲ. ರವಿವಾರ ತಿಕೋಟಾದ ಬಸ್ಸಿಗೆ ಒಬ್ಬ ಬಂದ, ಬಬಲೇಶ್ವರದ ಬಸ್ಸಿಗೆ ಒಬ್ಬ ಬಂದ. ಇಬ್ಬರೂ ನಮ್ಮ ಪಡಸಾಲೆಯ ಎರಡು ಮೂಲೆ ಹಿಡಿದು, ಒಬ್ಬ ಗೋಡೆಯ ಕ್ಯಾಲೆಂಡರನ್ನೂ ಇನ್ನೊಬ್ಬ ತನ್ನ ಚಪ್ಪಲಿಯನ್ನೂ ನೋಡುತ್ತ ಕೂತರು. ನಡುವೆ ಫೋನೋ. ಹೊಳೆಯುವ ಭೋಂಗಾದಿಂದ ಸಣ್ಣಗೆ ಡೀಸೆಲ್ ವಾಸನೆ.

ನಾನು ನಕಲಿ ಹ್ಯಾಂಡಲ್ಲು ಕೈಗೆತ್ತಿಕೊಂಡೆ. ದೊಡ್ಡ ಮಾವ ಕತ್ತು ಚಾಚಿದ. "ಬಸೂ, ಇದು ಅಸಲ ಏನು?"

ಸಾವಿರಾರು ಕಾಗದಗಳ ಮೇಲೆ ಅಸಲಿನಂತೆ ಎಂದು ಒತ್ತಿದ ಕೈ ನನ್ನದು. ಹೌದು ಅನ್ನಬೇಕು, ಅದಕ್ಕೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. ಸೆರಗು ಸೊಂಟಕ್ಕೆ ಸಿಗಿಸಿ, ಫೋನೋದ ಪಕ್ಕ ನೆಲಕ್ಕೆ ಕೂತು, ಖಣದ ಗಂಟು ಬಿಚ್ಚಿ, ಹ್ಯಾಂಡಲ್ಲನ್ನು ತೂತಿಗೆ ಹಾಕಿ ತಿರುವತೊಡಗಿದಳು. ಕಿರ್ರ್ ಕಿರ್ರ್ ಎಂದು ಒಳಗಿನ ಕಮಾನು ಬಿಗಿಯಿತು. ಅವಳ ಕೈಗೆ ಎಷ್ಟು ಸುತ್ತು ಎಂಬುದು ಇನ್ನೂ ನೆನಪಿತ್ತು.

"ಸಾಕ ಬೇ ಅಕ್ಕಾ, ಕಮಾನ ಹರೀತೈತಿ," ಎಂದ ಸಣ್ಣ ಮಾವ. ಎಂದವನೇ ತನ್ನ ದನಿಗೆ ತಾನೇ ಬೆಚ್ಚಿದ. ಚಿಕ್ಕವನಿದ್ದಾಗಲೂ ಹೀಗೇ ಹೆದರುತ್ತಿದ್ದನೆಂದು ಅವ್ವ ಆಮೇಲೆ ಹೇಳಿದಳು.

ಸೂಜಿ ಇಳಿಯಿತು. ಕರಕರ ಎಂದಿತು, ಕೆಮ್ಮಿತು, ಆಮೇಲೆ ಹಾಡಿತು. ನಾನು ಕಿವಿಗೊಟ್ಟು ತಾಳೆ ನೋಡಲು ಹೊರಟರೆ, ತಾಳೆ ನೋಡಲು ನನ್ನ ಹತ್ತಿರ ಅಸಲೇ ಇರಲಿಲ್ಲ. ಅದು ಇದ್ದದ್ದು ಆ ಮೂವರ ತಲೆಯಲ್ಲಿ. ಮೂವರೂ ಅಳುತ್ತಿದ್ದರು. ದೊಡ್ಡ ಮಾವ ತಲೆಗೆ ಸುತ್ತಿದ ಪಟಗದ ತುದಿಯಿಂದ ಮೂಗು ಒರೆಸಿಕೊಂಡ.

ಹಾಡು ಮುಗಿಯಿತು. "ಎಲ್ಲಿತ್ತು ಗೌರಾ, ಅದು?" ಎಂದು ದೊಡ್ಡ ಮಾವ ಕೇಳಿದ.

"ಉಡಿಯಾಗ ತಂದಿದ್ದೆ ಅಣ್ಣಾ. ನಾನ ತಂದಿದ್ದೆ. ನೀವು ಒಬ್ಬರಿಗೊಬ್ಬರು ಕಳ್ಳ ಅಂದ್ರಿ, ನನ್ನ ಒಬ್ಬರೂ ಕೇಳಲಿಲ್ಲ. ಕೇಳೂದಿರಲಿ, ಪಂಚಮಿಗೆ ಕರೀಲೂ ಇಲ್ಲ."

ದೊಡ್ಡ ಮಾವ ಎದ್ದು ಬಂದು ಹ್ಯಾಂಡಲ್ಲಿನ ಮೇಲೆ ಕೈಯಿಟ್ಟ. ಬಯ್ಯುತ್ತಾನೆಂದು ನಾನು ಅವ್ವನ ಹತ್ತಿರ ಸರಿದೆ. "ಉಡಿಯಾಗ ಹೋದದ್ದು ಹೆಣ್ಣುಮಗಳದು," ಎಂದ. "ಅದನ್ನ ಹೊಳ್ಳಿ ಕೇಳಾಂಗಿಲ್ಲ." ಆಮೇಲೆ, ಹದಿನೆಂಟು ವರ್ಷದ ಮೇಲೆ, ಇನ್ನೊಂದು ಮೂಲೆಗೆ ತಿರುಗಿ, "ಹೌದಿಲ್ಲೋ ಶಿವ್ಯಾ?" ಎಂದ. "ಹೌದಣ್ಣಾ, ಪದ್ಧತಿನ ಹಾಂಗೈತಿ," ಎಂದ ಸಣ್ಣ ಮಾವ ಚಪ್ಪಲಿ ನೋಡುತ್ತಲೇ. ನಮ್ಮ ಕೋರ್ಟಿನಲ್ಲಿ ಇಷ್ಟು ಬೇಗ ಇತ್ಯರ್ಥವಾದ ಖಟ್ಲೆ ನನಗೆ ನೆನಪಿಲ್ಲ.

ಇಲ್ಲಿಗೆ ಕತೆ ಸುಖವಾಗಿ ಮುಗಿಯಬೇಕಿತ್ತು, ಆದರೆ ನನ್ನ ಕರ್ಮ ನೋಡಿ. ಊಟ ಮುಗಿಸಿ ಹೊರಡುವಾಗ ದೊಡ್ಡ ಮಾವ, "ನನ್ನ ವಾಟಣಿ ನನಗ ಇರಲಿ," ಎಂದು ಪೆಟ್ಟಿಗೆ ಹೆಗಲಿಗೇರಿಸಿದ. ಸಣ್ಣ ಮಾವ ಭೋಂಗಾ ಕಳಚಿ, ಪ್ಲೇಟಿನ ಜೊತೆ ಕಂಕುಳಲ್ಲಿ ಇಟ್ಟುಕೊಂಡ. ಅವ್ವ ಹ್ಯಾಂಡಲ್ಲನ್ನು ಖಣದಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. ಆರು ತಿಂಗಳು ಒದ್ದಾಡಿ ಕೂಡಿಸಿದ್ದು ಅರ್ಧ ತಾಸಿನಲ್ಲಿ ಮೂರು ಪಾಲಾಯಿತು. "ಅಲ್ರೀ ಮಾಮಾ, ಮತ್ತ ಹಚ್ಚೂದು ಹ್ಯಾಂಗ?" ಎಂದು ನಾನು ಬಾಗಿಲಲ್ಲಿ ನಿಂತು ಗೋಗರೆದೆ. ಯಾರೂ ನನ್ನ ಕಡೆ ನೋಡಲಿಲ್ಲ. ನನ್ನ ಕೈಯಲ್ಲಿ ಉಳಿದದ್ದು ಜಾಲಿಕಟ್ಟಿಗೆಯ ಆ ನಕಲಿ. ಗೋಡೆಗೆ ಬಡಿದ ಅದಕ್ಕೆ ಈಗಲೂ ಅಂಗಿ ತೂಗುಹಾಕುತ್ತೇನೆ.

ಆ ವರ್ಷದ ಪಂಚಮಿ ಬಂತು. ಮುಂಜಾನೆ ಇನ್ನೂ ಹಲ್ಲುಜ್ಜುತ್ತಿದ್ದೆ. ಕಟ್ಟೆಯ ಮೇಲೆ ದೊಡ್ಡ ಮಾವ ಹಾಜರು. ಅವನ ಚಹಾ ಮುಗಿಯುವುದರೊಳಗೆ ಸಣ್ಣ ಮಾವನೂ ಬಂದ. "ಪೆಟಗಿ ನನ್ನ ಮನ್ಯಾಗೈತಿ, ಆಕಿ ತಿಕೋಟಾಕ್ಕ ಬರ್ತಾಳ," ಎಂದ ಒಬ್ಬ. "ಭೋಂಗಾ ನನ್ನ ಹಂತ್ಯಾಕ ಐತಿ, ಬಬಲೇಶ್ವರಕ್ಕ ಬರ್ತಾಳ," ಎಂದ ಇನ್ನೊಬ್ಬ. ದನಿ ಏರಿತು. ಓಣಿಯ ಮಂದಿ ಇಣುಕಿದರು. ಎರಡೂ ಬಸ್ಸಿನ ಹೊತ್ತಾಯಿತು. ನಾನು ದಿಕ್ಕು ತೋಚದೆ ಒಳಗೆ ಓಡಿದೆ.

ಅವ್ವ ಕನ್ನಡಿಯ ಮುಂದೆ ಕೂತು ನಿಧಾನವಾಗಿ ತಲೆ ಬಾಚಿಕೊಳ್ಳುತ್ತಿದ್ದಳು. ಇರಕಲ್ಲ ಸೀರೆ ಉಟ್ಟಾಗಿತ್ತು, ಉಂಡಿಯ ಡಬ್ಬಿ ಕಟ್ಟಿಯಾಗಿತ್ತು, ಚೀಲ ಬಾಗಿಲ ಹತ್ತಿರ ಇತ್ತು.

"ಅವ್ವಾ, ಇಬ್ಬರೂ ಬಂದು ಕುಂತಾರ! ಜಗಳಾ ಹತ್ಯಾರ! ಲಗೂನ ಬಾ, ಯಾರ ಸಂಗಾಟ ಹೋಗ್ತಿ?"

ಅವ್ವ ಹೆರಳು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದಳು. "ಅವಸರ ಏನೈತಿ?" ಎಂದಳು. "ಹದಿನೆಂಟ ವರ್ಷ ನಾ ಹಾದಿ ನೋಡಕೋತ ಕುಂತೀನಿ. ಅವರು ಒಂದ ತಾಸ ಕುಂಡ್ರಲಿ."

ನಾನು ಹೊರಗೆ ಬಂದು, ಇನ್ನೊಂದು ಕಪ್ಪು ಚಹಾ ಬೇಕೇನೆಂದು ಮಾವಂದಿರನ್ನು ಕೇಳಿದೆ.